ಸಂಕಷ್ಟಿ ಉಪವಾಸ, ಬೆಳಗಿನ ಶುಗರ್ ಮಾತ್ರೆ, ಅಮ್ಮನಿಗೆ ಶುಗರ್ 48ಕ್ಕೆ ಇಳಿಯಿತು: ಯಾವ ಮಾತ್ರೆಯಿಂದ ಹೀಗಾಗುತ್ತದೆ?

ಹನುಮಂತನಗರ_ಮಗಳು · ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಕೈ ಇನ್ನೂ ನಡುಗುತ್ತಿದೆ, ಬರೆಯುವಾಗ ತಪ್ಪಾದರೆ ಮನ್ನಿಸಿ.

ಅಮ್ಮನಿಗೆ 71 ವರ್ಷ. ಶುಗರ್ ಬಂದು 14 ವರ್ಷ ಆಯಿತು. ಇವತ್ತು ಸಂಕಷ್ಟಿ. ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನ ಎರಡು ಏಲಕ್ಕಿ ಬಾಳೆಹಣ್ಣು, ಅಷ್ಟೇ ಹೊಟ್ಟೆಗೆ ಬಿದ್ದಿದ್ದು. ಆದರೆ ಮಾತ್ರೆ ತಪ್ಪಿಸಿಲ್ಲ. ಊಟ ಬಿಟ್ಟರೂ ಮಾತ್ರೆ ಬಿಡಬಾರದು ಅಂತ ಅವರು ಮೊದಲಿನಿಂದಲೂ ನಂಬಿದ್ದಾರೆ. ನಾನೂ ಅದನ್ನೇ ನಂಬಿದ್ದೆ.

ರಾತ್ರಿ ಚಂದ್ರ ಕಾಣಿಸಿದ ಮೇಲೆ ಅರ್ಘ್ಯ ಕೊಡಲು ತಾರಸಿಗೆ ಹೋದೆವು. ಉದ್ಧರಣೆ ಕೈಯಲ್ಲಿ ಹಿಡಿದವರು ನೀರು ಬಿಡಲೇ ಇಲ್ಲ. ಸುಮ್ನೆ ನಿಂತುಬಿಟ್ಟರು. ಬೆನ್ನ ಮೇಲೆ ಕೈ ಇಟ್ಟರೆ ರವಿಕೆ ಪೂರ್ತಿ ಒದ್ದೆ. ಮೇಲೆ ತಣ್ಣಗೆ ಗಾಳಿ ಬೀಸುತ್ತಿತ್ತು, ಸೆಕೆ ಅನ್ನುವ ಹಾಗೂ ಇರಲಿಲ್ಲ. "ಅಮ್ಮ" ಅಂದರೆ ನನ್ನನ್ನು ದೊಡ್ಡಮ್ಮನ ಹೆಸರು ಹಿಡಿದು ಕರೆದರು. ದೊಡ್ಡಮ್ಮ ಹೋಗಿ ಆರು ವರ್ಷ ಆಯಿತು.

ಕೆಳಗೆ ಕರೆತಂದು ಚುಚ್ಚಿ ನೋಡಿದರೆ ಮೀಟರಿನಲ್ಲಿ 48. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದೆ. ಕಾಲು ಗಂಟೆಗೆ 83. ಆಮೇಲೆ ಸಾರು ಅನ್ನ ತಿಂದರು. ಈಗ 104. ಮಲಗಿದ್ದಾರೆ.

ಅವರ ಮಾತ್ರೆ: ಗ್ಲಿಮೆಪಿರೈಡ್ 2 ಎಂಜಿ ಮತ್ತು ಮೆಟ್‌ಫಾರ್ಮಿನ್ 500 ಸೇರಿಸಿದ್ದು, ಬೆಳಿಗ್ಗೆ ಒಂದು, ರಾತ್ರಿ ಒಂದು. ಹೋದ ತಿಂಗಳು ಮೂರು ತಿಂಗಳ ಶುಗರ್ ಪರೀಕ್ಷೆಯಲ್ಲಿ 6.1 ಬಂದಿತ್ತು. ಎಷ್ಟು ಖುಷಿಪಟ್ಟಿದ್ದೆವು. ನಾಳೆಯಿಂದ ಎಲ್ಲ ಮಾತ್ರೆಯನ್ನೂ ನಿಲ್ಲಿಸಿಬಿಡಲೇ? ಗೊತ್ತಿರುವವರು ದಯವಿಟ್ಟು ಹೇಳಿ.

ನಿವೃತ್ತ_ಸಿಸ್ಟರ್ · ರಾತ್ರಿ 11:04

ಮಗಳೇ, ಮಾತ್ರೆಯ ವಿಚಾರ ನಾಳೆ ನೋಡೋಣ. ಮೊದಲು ಇದನ್ನು ಹೇಳು. ರಾತ್ರಿಯ ಮಾತ್ರೆ ಕೊಟ್ಟಾಯಿತೇ?

104 ಬಂತು ಅಂತ ನೀನು ಮಲಗಬೇಡ. ಗ್ಲಿಮೆಪಿರೈಡ್ ಒಂದು ಸಲ ನುಂಗಿದರೆ ಸುಮಾರು ಒಂದು ದಿನ ಕೆಲಸ ಮಾಡುತ್ತದೆ. ಸಕ್ಕರೆ ನೀರು ಒಂದು ಗಂಟೆಯಲ್ಲಿ ಖರ್ಚಾಗುತ್ತದೆ. ಮಾತ್ರೆ ಒಳಗೇ ಇರುತ್ತದೆ. ವಯಸ್ಸಾದವರಲ್ಲಿ, ಕಿಡ್ನಿ ಸ್ವಲ್ಪ ಸೋತವರಲ್ಲಿ ಇನ್ನೂ ಜಾಸ್ತಿ ಹೊತ್ತು ಉಳಿಯುತ್ತದೆ. ಬೆಳಗಿನ ಜಾವ ನಿದ್ದೆಯಲ್ಲೇ ಮತ್ತೆ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. 34 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ, ಇದನ್ನು ಕಣ್ಣಾರೆ ನೋಡಿದ್ದೇನೆ.

ಒಂದು ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡು ಚುಚ್ಚಿ ನೋಡು. 70ಕ್ಕಿಂತ ಕೆಳಗೆ ಬಂದರೆ ಮತ್ತೆ ಸಕ್ಕರೆ ಕೊಟ್ಟು ನೇರವಾಗಿ ಆಸ್ಪತ್ರೆಗೆ ಹೊರಡು. ಎಬ್ಬಿಸಿದರೂ ಏಳದಿದ್ದರೆ ಬಾಯಿಗೆ ಏನೂ ಹಾಕಬೇಡ, ನೀರು ಕೂಡ ಬೇಡ. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ 108ಕ್ಕೆ ಫೋನ್ ಮಾಡು.

ಹನುಮಂತನಗರ_ಮಗಳು · ರಾತ್ರಿ 11:12

ಸಿಸ್ಟರ್, ಈಗ ಮಾತ್ರೆ ಡಬ್ಬಿ ನೋಡಿದೆ. ರಾತ್ರಿಯ ಖಾನೆಯೂ ಖಾಲಿ. ಚಂದ್ರ ಇನ್ನೇನು ಬರುತ್ತಾನೆ, ಆಮೇಲೆ ಊಟವೇ ಅಲ್ವಾ ಅಂತ ಎಂಟು ಗಂಟೆಗೇ ನುಂಗಿಬಿಟ್ಟಿದ್ದಾರೆ. ಅಂದರೆ ಖಾಲಿ ಹೊಟ್ಟೆಯಲ್ಲಿ ಎರಡು ಮಾತ್ರೆ. ಅಲಾರಂ ಇಟ್ಟಿದ್ದೇನೆ.

ಮೆಡಿಕಲ್_ಸ್ಟೋರ್_22 · ರಾತ್ರಿ 11:40

ಮೇಡಂ, ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಇವತ್ತು ರಾತ್ರಿ ಅದನ್ನೇ ಮಾಡಿ.

ನಾನು ಫಾರ್ಮಸಿಸ್ಟ್. 22 ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. "ಶುಗರ್ ಮಾತ್ರೆ" ಅಂತ ಎಲ್ಲರೂ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಅಮ್ಮನವರ ಒಂದೇ ಮಾತ್ರೆಯ ಒಳಗೆ ಎರಡು ಔಷಧಿ ಇದೆ, ಎರಡರ ಗುಣವೂ ಬೇರೆ.

ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ರಕ್ತಕ್ಕೆ ಬಿಡುವ ಸಕ್ಕರೆಯನ್ನು ಕಡಿಮೆ ಮಾಡುತ್ತದೆ. ಅದೊಂದನ್ನೇ ತೆಗೆದುಕೊಳ್ಳುವವರಿಗೆ ಶುಗರ್ ಹೀಗೆ ಪಾತಾಳಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯನ್ನು ಒತ್ತಿ ಇನ್ಸುಲಿನ್ ಹೊರಗೆ ಹಾಕಿಸುತ್ತದೆ. ಊಟ ಬಂದಿದೆಯೋ ಇಲ್ಲವೋ ಅಂತ ನೋಡುವುದಿಲ್ಲ. ಹಾಗಾಗಿಯೇ ಅದನ್ನು ತಿಂಡಿಗೆ ಮುಂಚೆ ಅಥವಾ ತಿಂಡಿಯ ಜೊತೆಗೇ ಕೊಡುವುದು. ತಿಂಡಿ ಇಲ್ಲದ ದಿನ ಅದರ ಗತಿ ಏನು ಅಂತ ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಂಡಿರಬೇಕು.

ಅಂಗಡಿಗೆ ಬರುವವರಿಗೆ ನಾನೊಂದು ಗುರುತು ಹೇಳಿಕೊಡುತ್ತೇನೆ. ಹೆಸರು "ಗ್ಲಿ" ಅಂತ ಶುರುವಾದರೆ, ಅಂದರೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್, ಇವು ಊಟ ತಪ್ಪಿದರೆ ಶುಗರ್ ಬೀಳಿಸುವ ಗುಂಪು. "ಗ್ಲಿಪ್ಟಿನ್" ಅಥವಾ "ಗ್ಲಿಫ್ಲೋಜಿನ್" ಅಂತ ಮುಗಿದರೆ, ಉದಾಹರಣೆಗೆ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಡಪಾಗ್ಲಿಫ್ಲೋಜಿನ್, ಅವು ಬೇರೆ ಗುಂಪು. ಒಂಟಿಯಾಗಿ ಇದ್ದರೆ ಶುಗರ್ ಬೀಳಿಸುವುದು ಕಡಿಮೆ. ಆದರೆ "ಗ್ಲಿ"ಯ ಜೊತೆ ಸೇರಿದರೆ ಎಚ್ಚರ ಬೇಕೇ ಬೇಕು.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಔಷಧಿಯ ಹೆಸರು ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುತ್ತದೆ. ಓದಬೇಕಾದ್ದು ಅದನ್ನು. ಹೋದ ವರ್ಷ ಒಬ್ಬ ಅಜ್ಜ ಬಂದರು. ಹಳೆಯ ಡಾಕ್ಟರು ಬರೆದದ್ದು ಒಂದು ಕಂಪನಿಯ ಮಾತ್ರೆ, ಆಪರೇಷನ್ ಆಗಿ ಮನೆಗೆ ಬರುವಾಗ ಬರೆದುಕೊಟ್ಟದ್ದು ಇನ್ನೊಂದು ಕಂಪನಿಯದು. ಒಂದು ಹಸಿರು ಸ್ಟ್ರಿಪ್, ಇನ್ನೊಂದು ಬಿಳಿ. ಎರಡರಲ್ಲೂ ಇದ್ದದ್ದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ಪಾಪ, ಹನ್ನೊಂದು ದಿನ ಎರಡನ್ನೂ ನುಂಗಿದ್ದಾರೆ. ಕೈಕಾಲು ನಡುಕ ಅಂತ ನಿಶ್ಶಕ್ತಿಗೆ ಟಾನಿಕ್ ಕೇಳಲು ಬಂದಿದ್ದರು.

ಮತ್ತೆ, ನಾಳೆ ಎಲ್ಲವನ್ನೂ ನಿಲ್ಲಿಸಬೇಡಿ, ಹಾಗೆಯೇ ಬೆಳಗಿನ ಮಾತ್ರೆಯನ್ನು ಕಣ್ಣು ಮುಚ್ಚಿ ಕೊಡಲೂಬೇಡಿ. ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಹನುಮಂತನಗರ_ಮಗಳು · ರಾತ್ರಿ 2:14

ಈಗ 64. ಎಬ್ಬಿಸಿದರೆ ಎದ್ದರು, ಆದರೆ ಮಾತು ತೊದಲುತ್ತಿದೆ. ಸಕ್ಕರೆ ನೀರು ಕೊಟ್ಟೆ. ಚಿಕ್ಕಪ್ಪನ ಮಗ ಕಾರು ತರುತ್ತಿದ್ದಾನೆ. ಹೊರಡುತ್ತಿದ್ದೇವೆ.

ನಿವೃತ್ತ_ಸಿಸ್ಟರ್ · ರಾತ್ರಿ 2:17

ಸರಿಯಾದ ಕೆಲಸ. ಮಾತ್ರೆಯ ಸ್ಟ್ರಿಪ್ಪನ್ನೂ ಮೀಟರನ್ನೂ ಬ್ಯಾಗಿಗೆ ಹಾಕಿಕೋ. ಹಳೆಯ ಕಿಡ್ನಿ ರಿಪೋರ್ಟ್ ಇದ್ದರೆ ಅದನ್ನೂ. ಡ್ಯೂಟಿ ಡಾಕ್ಟರಿಗೆ ಮೊದಲ ಮಾತೇ ಇದನ್ನು ಹೇಳು: ಎಂಟು ಗಂಟೆಗೆ ಗ್ಲಿಮೆಪಿರೈಡ್ ತೆಗೆದುಕೊಂಡಿದ್ದಾರೆ, ಎರಡನೇ ಸಲ ಶುಗರ್ ಬಿದ್ದಿದೆ. ನಾನು ಎಚ್ಚರವಾಗಿಯೇ ಇರುತ್ತೇನೆ.

ಹನುಮಂತನಗರ_ಮಗಳು · ಬೆಳಿಗ್ಗೆ 7:35

ದಾಖಲು ಮಾಡಿಕೊಂಡರು. ಗ್ಲೂಕೋಸ್ ಡ್ರಿಪ್ ಹಾಕಿದ್ದಾರೆ. ಗಂಟೆಗೊಮ್ಮೆ ನೋಡುತ್ತಿದ್ದಾರೆ, ಈಗ 132. ಅಮ್ಮ ಕಾಫಿ ಕೇಳಿದರು. ನನ್ನ ಹೆಸರು ಹಿಡಿದು ಕೇಳಿದರು. ಸಿಸ್ಟರ್, ನಿಮಗೆ ಹೇಗೆ ಕೃತಜ್ಞತೆ ಹೇಳಲಿ ಗೊತ್ತಾಗುತ್ತಿಲ್ಲ. ನೀವು ಹೇಳದಿದ್ದರೆ ನಾನು ಮಲಗಿಬಿಡುತ್ತಿದ್ದೆ.

ಬೇವಿನಮರ · ಬೆಳಿಗ್ಗೆ 9:10

ತಾಯಿಯವರು ಹುಷಾರಾದದ್ದು ಕೇಳಿ ಸಮಾಧಾನ ಆಯಿತು. ಆದರೆ ಇದಕ್ಕೇ ನಾನು ಎಲ್ಲರಿಗೂ ಹೇಳುವುದು, ಈ ಇಂಗ್ಲಿಷ್ ಮಾತ್ರೆ ಬೇಡ ಅಂತ. ವರ್ಷಗಟ್ಟಲೆ ನುಂಗಿದರೆ ಕಿಡ್ನಿ ಹೋಗುತ್ತದೆ. ನಮ್ಮ ಮಾವ ಆರು ತಿಂಗಳ ಹಿಂದೆ ಎಲ್ಲ ಬಿಟ್ಟು ಬೆಳಿಗ್ಗೆ ಹಾಗಲಕಾಯಿ ರಸ, ರಾತ್ರಿ ಮೆಂತ್ಯದ ನೀರು ಕುಡಿಯುತ್ತಿದ್ದಾರೆ. ಚೆನ್ನಾಗಿಯೇ ಇದ್ದಾರೆ. ಗಿಡಮೂಲಿಕೆಯಲ್ಲಿ ಇಲ್ಲದ್ದು ಏನಿದೆ?

ಲಾಲ್‌ಬಾಗ್_ವಾಕರ್ · ಬೆಳಿಗ್ಗೆ 10:25

ಬೇವಿನಮರ ಅವರೇ, ನಾನು ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದವನು. ಗಿಡಗಳ ಮೇಲೆ ನಿಮಗಿರುವ ಪ್ರೀತಿ ನನಗೂ ಇದೆ. ಮೆಟ್‌ಫಾರ್ಮಿನ್ನಿನ ಬೇರು ಇರುವುದೂ ಒಂದು ಗಿಡದಲ್ಲೇ. ಗಲೀಗ ಅಫಿಷಿನಾಲಿಸ್ ಅಂತ, ನಮ್ಮ ಅವರೆ, ತೊಗರಿಯ ಕುಟುಂಬದ್ದೇ, ನೇರಳೆ ಬಣ್ಣದ ಹೂವು. ಯೂರೋಪಿನ ಹಳ್ಳಿಗಳಲ್ಲಿ ಇದನ್ನು ನಾಟಿ ಔಷಧಿಯಾಗಿ ಬಳಸುತ್ತಿದ್ದರು. ಅದರಲ್ಲಿದ್ದ ಗ್ವಾನಿಡಿನ್ ಜಾತಿಯ ವಸ್ತು ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷವೂ ಆಗುತ್ತಿತ್ತು. ಆ ಹಾದಿಯಲ್ಲೇ ಹುಡುಕುತ್ತಾ ಹೋಗಿ, ವಿಷ ಕಡಿಮೆ ಇರುವ ರೂಪವನ್ನು ತಯಾರಿಸಿ, 1957ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಸ್ಟೆರ್ನ್ ರೋಗಿಗಳಲ್ಲಿ ಮೆಟ್‌ಫಾರ್ಮಿನ್ ಬಳಸಿದ ಫಲಿತಾಂಶ ಪ್ರಕಟಿಸಿದರು. ಗಿಡದಲ್ಲಿ ಗುಣ ಇದೆ, ನಿಜ. ಎಷ್ಟು ಗುಣ, ಎಷ್ಟು ವಿಷ ಅಂತ ಅಳೆದು ಕೊಟ್ಟಾಗ ಮಾತ್ರ ಅದನ್ನು ನಂಬಿಕೊಂಡು ಬದುಕಬಹುದು.

ಕಿಡ್ನಿಯ ಮಾತು. ನನಗೆ ಶುಗರ್ 19 ವರ್ಷದಿಂದ ಇದೆ, ಅಷ್ಟೂ ವರ್ಷ ಮೆಟ್‌ಫಾರ್ಮಿನ್ ಇದೆ. ನನ್ನ ಡಾಕ್ಟರು ಬಿಡಿಸಿ ಹೇಳಿದರು. ಕಿಡ್ನಿ ಹಾಳುಮಾಡುವುದು ಏರಿದ ಶುಗರ್ ಮತ್ತು ಬಿಪಿ, ಮೆಟ್‌ಫಾರ್ಮಿನ್ ಅಲ್ಲ. ಈ ಮಾತ್ರೆ ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ಸೋತಾಗ ಅದು ಒಳಗೇ ಉಳಿದು, ಅಪರೂಪಕ್ಕೆ, ರಕ್ತದಲ್ಲಿ ಆಮ್ಲ ಏರಿಸಬಹುದು. ಅದಕ್ಕೇ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ತಿಳಿಸುವ ಇಜಿಎಫ್‌ಆರ್ ಅನ್ನುವ ಸಂಖ್ಯೆ 45ಕ್ಕಿಂತ ಕೆಳಗೆ ಹೋದರೆ ಪ್ರಮಾಣ ಕಡಿಮೆ ಮಾಡುತ್ತಾರೆ, 30ಕ್ಕಿಂತ ಕೆಳಗೆ ಹೋದರೆ ನಿಲ್ಲಿಸುತ್ತಾರೆ. ಕಿಡ್ನಿ ಹೋದವರಿಗೆ ಮಾತ್ರೆ ನಿಲ್ಲಿಸಿದ್ದನ್ನು ನೋಡಿ, ಮಾತ್ರೆಯಿಂದಲೇ ಕಿಡ್ನಿ ಹೋಯಿತು ಅಂತ ಜನ ತಿಳಿದುಕೊಂಡಿದ್ದಾರೆ. ಈ ತಪ್ಪು ತಿಳಿವಳಿಕೆಯಿಂದ ಮಾತ್ರೆ ಬಿಟ್ಟು, ಆಮೇಲೆ ನಿಜವಾಗಿಯೂ ಕಿಡ್ನಿ ಕಳೆದುಕೊಂಡವರು ನನ್ನ ಬೆಳಗಿನ ವಾಕಿಂಗ್ ಗೆಳೆಯರಲ್ಲೇ ಇಬ್ಬರಿದ್ದಾರೆ.

ನಿಮ್ಮ ಮಾವ ಚೆನ್ನಾಗಿದ್ದಾರೆ ಅಂದಿರಿ. ಶುಗರ್ ಎಷ್ಟಿದೆ ಅಂತ ನೋಡಿದಿರಾ? ಕೆಟ್ಟದಾಗಿ ಕೇಳುತ್ತಿಲ್ಲ. 250 ಇದ್ದರೂ ಮನುಷ್ಯನಿಗೆ ಏನೂ ಅನಿಸದೇ ಇರಬಹುದು.

ಮೆಡಿಕಲ್_ಸ್ಟೋರ್_22 · ಬೆಳಿಗ್ಗೆ 10:48

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಹಾಗಲಕಾಯಿ ಪಲ್ಯ ತಿನ್ನಿ, ಗೊಜ್ಜು ಮಾಡಿ, ಏನೂ ತೊಂದರೆ ಇಲ್ಲ. ಆದರೆ "ಗ್ಲಿ" ಮಾತ್ರೆಯ ಜೊತೆ ದಿನಾ ಲೋಟಗಟ್ಟಲೆ ರಸ ಕುಡಿದರೆ ಎರಡೂ ಸೇರಿ ಶುಗರ್ ಇಳಿಸಬಹುದು. ಕುಡಿಯುವುದಿದ್ದರೆ ಡಾಕ್ಟರಿಗೆ ಹೇಳಿಯೇ ಕುಡಿಯಿರಿ. ಹೆಸರಿಲ್ಲದ, ಲೇಬಲ್ ಇಲ್ಲದ ಪುಡಿ ಮಾತ್ರ ಖಂಡಿತ ಬೇಡ. ಅದರಲ್ಲಿ ಏನು ಬೆರೆಸಿರುತ್ತಾರೆ ಅಂತ ಯಾರಿಗೂ ತಿಳಿಯುವುದಿಲ್ಲ.

ನೈಟ್‌ಶಿಫ್ಟ್_ಬೊಮ್ಮನಹಳ್ಳಿ · ಮಧ್ಯಾಹ್ನ 3:30

ಈಗ ಎದ್ದು ಎಲ್ಲವನ್ನೂ ಓದಿದೆ. ನನಗೆ 38. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ರಾತ್ರಿ ಪಾಳಿ. ಗ್ಲಿಮೆಪಿರೈಡ್ 1, ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ 10 ಇವೆ. ಚೀಟಿಯಲ್ಲಿ "ಬೆಳಿಗ್ಗೆ" ಅಂತ ಬರೆದಿದ್ದಾರೆ. ಹಾಗಾಗಿ ಕ್ಯಾಬ್ ಇಳಿದು ಬೆಳಿಗ್ಗೆ ಏಳಕ್ಕೆ ಮಾತ್ರೆ ನುಂಗಿ, ಎರಡು ಬಿಸ್ಕತ್ತು ತಿಂದು ಮಲಗುತ್ತೇನೆ. ಮಧ್ಯಾಹ್ನ ಎದ್ದಾಗ ತಲೆನೋವು, ದಿಂಬು ಒದ್ದೆ, ವಿಪರೀತ ಹಸಿವು. ನಿದ್ದೆ ಸಾಲದೆ ಹೀಗೆ ಅಂದುಕೊಂಡಿದ್ದೆ. ಇದೂ ಅದೇನಾ?

ಇನ್ನೊಂದು ವಿಷಯ. ಮುಂದಿನ ವಾರದಿಂದ ಕೀಟೋ ಡಯಟ್ ಶುರು ಮಾಡಬೇಕು ಅಂತಿದ್ದೇನೆ. ಅನ್ನ, ರಾಗಿ ಎಲ್ಲ ಪೂರ್ತಿ ಬಿಟ್ಟು.

ನಿವೃತ್ತ_ಸಿಸ್ಟರ್ · ಮಧ್ಯಾಹ್ನ 3:52

ತಮ್ಮಾ, ಆ ಡಯಟ್ ದಯವಿಟ್ಟು ಶುರು ಮಾಡಬೇಡ. ಡಾಕ್ಟರನ್ನು ನೋಡುವ ತನಕ ಬೇಡವೇ ಬೇಡ.

ಡಪಾಗ್ಲಿಫ್ಲೋಜಿನ್ ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮಾತ್ರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಜೊತೆ ಅನ್ನ, ರೊಟ್ಟಿ, ಮುದ್ದೆ ಪೂರ್ತಿ ಬಿಟ್ಟರೆ ದೇಹ ಕೊಬ್ಬನ್ನು ಸುಡಲು ಶುರುಮಾಡಿ, ಆಗ ಹುಟ್ಟುವ ಕೀಟೋನ್ ಅನ್ನುವ ಆಮ್ಲ ಏರಬಹುದು, ರಕ್ತ ಹುಳಿಯಾಗಬಹುದು. ಆಗಲೂ ಮೀಟರಿನಲ್ಲಿ ಶುಗರ್ 160, 180 ಅಂತ ಸಾಧಾರಣವಾಗಿಯೇ ತೋರಿಸಬಹುದು. ಮೋಸ ಹೋಗುವುದೇ ಇಲ್ಲಿ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಗ್ಯಾಸ್ಟ್ರಿಕ್ ಅಂತ ಮನೆಯಲ್ಲಿ ಕೂರಬಾರದು. ಆಸ್ಪತ್ರೆಯಲ್ಲಿ "ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಕೀಟೋನ್ ನೋಡಿ" ಅಂತ ಬಾಯಿಬಿಟ್ಟು ಹೇಳಬೇಕು. ಇದೇ ಕಾರಣಕ್ಕೆ ಆಪರೇಷನ್ ಇದ್ದರೆ ಮೂರು ದಿನ ಮುಂಚೆಯೇ ಈ ಮಾತ್ರೆ ನಿಲ್ಲಿಸಲು ಹೇಳುತ್ತಾರೆ.

ವಾಂತಿ ಭೇದಿ ಆಗಿ ಊಟ ನೀರು ನಿಲ್ಲದ ದಿನವೂ ಹಾಗೆಯೇ. ಇದನ್ನೂ ಮೆಟ್‌ಫಾರ್ಮಿನ್ನನ್ನೂ ಆ ದಿನದ ಮಟ್ಟಿಗೆ ನಿಲ್ಲಿಸಬೇಕಾಗಬಹುದು, ಕೂಡಲೇ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಆಮೇಲೆ ನೀರು ಚೆನ್ನಾಗಿ ಕುಡಿ. ಮೂತ್ರ ಹೋದ ಮೇಲೆ ಆ ಜಾಗ ತೊಳೆದು ಒಣಗಿಸಿಕೋ. ಸಕ್ಕರೆ ಇರುವ ಕಡೆ ಫಂಗಸ್ ಬರುತ್ತದೆ. ತುರಿಕೆ ಬಂದರೆ ನಾಚಿಕೊಂಡು ಮುಚ್ಚಿಡಬೇಡ, ಅದಕ್ಕೆ ಸುಲಭದ ಔಷಧಿ ಇದೆ.

ಒದ್ದೆ ದಿಂಬಿನ ಕಥೆ ನನಗೆ ಅನುಮಾನ ತರಿಸಿದೆ. ಎದ್ದ ತಕ್ಷಣ, ಏನೂ ತಿನ್ನುವ ಮೊದಲು ಚುಚ್ಚಿ ನೋಡು.

ಮೆಡಿಕಲ್_ಸ್ಟೋರ್_22 · ಮಧ್ಯಾಹ್ನ 4:15

ಬ್ರದರ್, ಚೀಟಿಯ "ಬೆಳಿಗ್ಗೆ" ಅಂದರೆ ಸೂರ್ಯ ಹುಟ್ಟುವ ಹೊತ್ತು ಅಂತಲ್ಲ. ಗ್ಲಿಮೆಪಿರೈಡ್ ವಿಷಯದಲ್ಲಿ ಅದು ನಿಮ್ಮ ದಿನದ ಮೊದಲ ದೊಡ್ಡ ಊಟದ ಹೊತ್ತು. ನಿಮ್ಮ ದಿನ ಮಧ್ಯಾಹ್ನ ಶುರುವಾಗುತ್ತದೆ. ಅದು ನಿಮ್ಮ ಡಾಕ್ಟರಿಗೆ ಗೊತ್ತೇ? ಒಂದು ಹಾಳೆಯಲ್ಲಿ ನೀವು ಏಳುವ, ತಿನ್ನುವ, ಮಲಗುವ ಹೊತ್ತು ಬರೆದು ಅವರ ಮುಂದಿಡಿ. ನೀವಾಗಿಯೇ ಹೊತ್ತು ಬದಲಿಸುವ ಬದಲು ಅವರಿಂದಲೇ ಬದಲಿಸಿಕೊಳ್ಳಿ.

ಡಪಾಗ್ಲಿಫ್ಲೋಜಿನ್ ತುಂಬಾ ದುಬಾರಿ ಅಂತ ಬಿಟ್ಟವರು ಇಲ್ಲಿ ಇದ್ದರೆ ಕೇಳಿಸಿಕೊಳ್ಳಿ. 2020ರಲ್ಲಿ ಅದರ ಮೊದಲ ಪೇಟೆಂಟ್ ಮುಗಿಯಿತು, ಸಿಟಾಗ್ಲಿಪ್ಟಿನ್‌ದು 2022ರಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರಲ್ಲಿ. ಈಗ ಬೇರೆ ಬೇರೆ ಕಂಪನಿಗಳು ಮಾಡುತ್ತಿವೆ, ಬೆಲೆ ತುಂಬಾ ಇಳಿದಿದೆ. ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ. ಬಡಾವಣೆಯಲ್ಲಿರುವ ಸರ್ಕಾರಿ "ನಮ್ಮ ಕ್ಲಿನಿಕ್"ನಲ್ಲಿ ಬಿಪಿ, ಶುಗರ್ ನೋಡುತ್ತಾರೆ, ಔಷಧಿಯೂ ಉಚಿತ. ದುಡ್ಡಿಲ್ಲ ಅಂತ ಒಂದು ದಿನ ಬಿಟ್ಟು ಒಂದು ದಿನ ಮಾತ್ರೆ ನುಂಗುವವರು ನನ್ನ ಅಂಗಡಿಗೇ ಬರುತ್ತಾರೆ. ಹೇಳಿಕೊಳ್ಳಲು ಸಂಕೋಚ. ದಯವಿಟ್ಟು ಹೇಳಿ, ದಾರಿ ಇದೆ.

ಟ್ಯಾನರಿ_ರಸ್ತೆ · ಸಂಜೆ 6:40

ಸಂಕಷ್ಟಿಯ ಕಥೆ ಓದಿ ನಮ್ಮ ಅಬ್ಬಾ ನೆನಪಾದರು. ಅವರಿಗೂ ಇದೇ ಜೋಡಿ ಮಾತ್ರೆ ಇತ್ತು. ರಂಜಾನಿನಲ್ಲಿ ಒಂದು ವರ್ಷ ಅಸರ್, ಅಂದರೆ ಇಳಿಹೊತ್ತಿನ ನಮಾಜಿನ ಹೊತ್ತಿಗೆ ಮಸೀದಿಯಲ್ಲೇ ಕುಸಿದಿದ್ದರು. ಅದಾದ ಮೇಲೆ ಪ್ರತಿವರ್ಷ ರಂಜಾನಿಗೆ ಎರಡು ತಿಂಗಳು ಇರುವಾಗಲೇ ಡಾಕ್ಟರ ಹತ್ತಿರ ಹೋಗುತ್ತೇವೆ. ಅವರು ಗ್ಲಿಮೆಪಿರೈಡನ್ನು ಕಡಿಮೆ ಮಾಡಿ ಇಫ್ತಾರಿಗೆ, ಅಂದರೆ ಸಂಜೆ ಉಪವಾಸ ಬಿಡುವ ಊಟಕ್ಕೆ ಹಾಕಿದರು. ಸಹ್ರಿಯನ್ನು, ಅಂದರೆ ಬೆಳಗಿನ ಜಾವದ ಊಟವನ್ನು ಆದಷ್ಟು ತಡವಾಗಿ ತಿನ್ನಲು ಹೇಳಿದರು. ಶುಗರ್ 70ಕ್ಕಿಂತ ಕೆಳಗೆ ಬಂದರೆ ಅಥವಾ 300 ದಾಟಿದರೆ ರೋಜಾ (ಉಪವಾಸ) ಅಲ್ಲಿಗೇ ಮುರಿಯಬೇಕು ಅಂತ ಮೊದಲೇ ಮಾತಾಗಿದೆ.

ಬೆರಳು ಚುಚ್ಚಿದರೆ ರೋಜಾ ಮುರಿಯುತ್ತದೆ ಅಂತ ಅಬ್ಬಾ ಹಟ ಹಿಡಿದಿದ್ದರು. ಇಮಾಮ್ ಸಾಬರೇ ಮನೆಗೆ ಬಂದು, ಮುರಿಯುವುದಿಲ್ಲ, ಜೀವ ಕಾಪಾಡಿಕೊಳ್ಳಿ ಅಂದ ಮೇಲೆ ಒಪ್ಪಿದರು. ಅಕ್ಕ, ನಿಮ್ಮ ಅಮ್ಮನಿಗೂ ಪೂಜೆಯ ಭಟ್ಟರಿಂದ ಒಂದು ಮಾತು ಹೇಳಿಸಿ ನೋಡಿ. ನಾವು ಹತ್ತು ಸಲ ಹೇಳುವುದಕ್ಕಿಂತ ಅದು ಮುಟ್ಟುತ್ತದೆ.

ಲಾಲ್‌ಬಾಗ್_ವಾಕರ್ · ಸಂಜೆ 7:20

ನನ್ನ ಅನುಭವದ ಇನ್ನೊಂದು ತುಣುಕು ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ.

ಮೂರು ವರ್ಷದ ಹಿಂದೆ ಪಾದ ಜೋಮು ಹಿಡಿಯಲು ಶುರುವಾಯಿತು. ಗಾಜಿನ ಮನೆಯ ಹತ್ತಿರ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದಿತ್ತು. ಅದು ಗೊತ್ತೇ ಆಗದೆ ಹತ್ತು ಹೆಜ್ಜೆ ಮುಂದೆ ನಡೆದಿದ್ದೆ. ಹಿಂದೆ ಬರುತ್ತಿದ್ದ ಹುಡುಗ "ಅಂಕಲ್, ಚಪ್ಪಲಿ" ಅಂತ ಕೂಗಿದ. ಶುಗರ್ ನರಕ್ಕೆ ಬಂತು, ಇನ್ನು ಇಷ್ಟೇ ಅಂದುಕೊಂಡೆ. ಹೊಸ ಡಾಕ್ಟರು ವಿಟಮಿನ್ ಬಿ12 ಪರೀಕ್ಷೆ ಬರೆದುಕೊಟ್ಟರು. 138 ಬಂತು, ತೀರ ಕಡಿಮೆ. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡರೆ ಕರುಳು ಬಿ12 ಹೀರುವುದು ಕಡಿಮೆಯಾಗುತ್ತದಂತೆ. ನಾನು ಮಾಂಸ ಮೊಟ್ಟೆ ಮುಟ್ಟದವನು, ಮೊದಲೇ ಅದು ಕೊರತೆ. ಇಂಜೆಕ್ಷನ್ ತೆಗೆದುಕೊಂಡೆ. ಪೂರ್ತಿ ಹೋಗಿಲ್ಲ, ಆದರೆ ಈಗ ಕಾಲಿಗೆ ಚಪ್ಪಲಿ ಇದೆ ಅಂತ ಗೊತ್ತಾಗುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮೇಲಿರುವವರು, ಅದರಲ್ಲೂ ಸಸ್ಯಾಹಾರಿಗಳು, ಬಿ12 ಒಮ್ಮೆ ನೋಡಿಸಿಕೊಳ್ಳಿ. ನನಗೆ 16 ವರ್ಷ ಯಾರೂ ಹೇಳಿರಲಿಲ್ಲ.

ಹೊಸದಾಗಿ ಶುರು ಮಾಡಿದವರಿಗೆ: ಹೊಟ್ಟೆ ತೊಳಸುವುದು, ಭೇದಿ ಆಗುವುದು ಮೊದಲ ವಾರಗಳಲ್ಲಿ ಸಾಮಾನ್ಯ. ಹೆದರಿ ಬಿಡಬೇಡಿ. ಊಟದ ಜೊತೆ ತೆಗೆದುಕೊಂಡು, ಕಡಿಮೆಯಿಂದ ನಿಧಾನವಾಗಿ ಏರಿಸಿದರೆ ಬಹಳ ಜನಕ್ಕೆ ಹೊಂದಿಕೊಳ್ಳುತ್ತದೆ. ನನಗೆ ಎಸ್‌ಆರ್ ಮಾತ್ರೆಗೆ ಬದಲಿಸಿದ ಮೇಲೆ ಸರಿಹೋಯಿತು. ಎಸ್‌ಆರ್ ಅಂದರೆ ನಿಧಾನವಾಗಿ ಕರಗುವುದು. ಅದನ್ನು ಮುರಿದು, ಕುಟ್ಟಿ ಪುಡಿಮಾಡಿ ನುಂಗಬಾರದು. ಒಮ್ಮೆ ಮಲದಲ್ಲಿ ಮಾತ್ರೆ ಇಡಿಯಾಗಿ ಬಂದಂತೆ ಕಂಡು ಗಾಬರಿಯಾಗಿದ್ದೆ. ಅದು ಖಾಲಿ ಚಿಪ್ಪು, ಔಷಧಿ ಒಳಗೆ ಸೇರಿರುತ್ತದೆ ಅಂತ ಆಮೇಲೆ ತಿಳಿಯಿತು.

ಬೇವಿನಮರ · ರಾತ್ರಿ 9:05

ಮೇಷ್ಟ್ರೇ, ನೀವು ಕೇಳಿದ ಮೇಲೆ ಸಂಜೆ ಮಾವನ ಮನೆಗೆ ಮೀಟರ್ ಹಿಡಿದುಕೊಂಡು ಹೋದೆ. ಊಟಕ್ಕೆ ಮುಂಚೆ 286. ಇನ್ನೊಂದು ಬೆರಳು ಚುಚ್ಚಿದೆ, 279. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರಂತೆ, ವಯಸ್ಸಿಗೆ ಹಾಗೆ ಅಂತ ಅತ್ತೆಗೆ ಹೇಳಿದ್ದರಂತೆ. ಆ ರಸ ಕುಡಿಯಿರಿ ಅಂತ ಹೇಳಿದವನು ನಾನೇ. ಎದೆ ಭಾರವಾಗಿದೆ. ನಾಳೆ ಬೆಳಿಗ್ಗೆ ಜಯನಗರದ ಕಡೆ ಇರುವ ಸರ್ಕಾರಿ ಎಂಡೋಕ್ರೈನ್ ಸಂಸ್ಥೆಗೆ ಕರೆದುಕೊಂಡು ಹೋಗುತ್ತೇನೆ. ಬಿಟ್ಟ ಹಳೆಯ ಮಾತ್ರೆಯನ್ನು ಇವತ್ತೇ ಶುರು ಮಾಡಿಸಬಹುದೇ?

ನಿವೃತ್ತ_ಸಿಸ್ಟರ್ · ರಾತ್ರಿ 9:15

ಹಳೆಯದನ್ನು ಹಾಗೇ ಶುರು ಮಾಡಬೇಡಿ. ಆರು ತಿಂಗಳಲ್ಲಿ ಕಿಡ್ನಿ ಹೇಗಿದೆಯೋ ಗೊತ್ತಿಲ್ಲ, ರಕ್ತ ನೋಡಿ ಅವರೇ ಹೇಳಲಿ. ರಾತ್ರಿ ನೀರು ಚೆನ್ನಾಗಿ ಕುಡಿಯಲಿ. ವಾಂತಿ, ಮಂಪರು, ಏದುಸಿರು ಬಂದರೆ ಬೆಳಗಿನ ತನಕ ಕಾಯಬೇಡಿ. ನೀವು ಮೀಟರ್ ಹಿಡಿದು ಹೋದಿರಲ್ಲ, ಅದು ದೊಡ್ಡ ಕೆಲಸ. ಎದೆ ಭಾರ ಮಾಡಿಕೊಳ್ಳಬೇಡಿ.

ಹನುಮಂತನಗರ_ಮಗಳು · ಮೂರು ದಿನದ ನಂತರ, ಸಂಜೆ 5:30

ಅಮ್ಮ ಮನೆಗೆ ಬಂದಿದ್ದಾರೆ. ಡಾಕ್ಟರು ಹೇಳಿದ್ದನ್ನು ಬರೆಯುತ್ತೇನೆ.

ಅಮ್ಮನ ಇಜಿಎಫ್‌ಆರ್ 46. ಗ್ಲಿಮೆಪಿರೈಡ್ ಅಷ್ಟು ಹೊತ್ತು ಒಳಗೆ ಉಳಿಯಲು ಅದೂ ಒಂದು ಕಾರಣ ಅಂದರು. ಹೋದ ವಾರ ಮೂತ್ರದ ಸೋಂಕಿಗೆ ಬೇರೆ ಕಡೆ ಕೊಟ್ಟ ಸಿಪ್ರೊಫ್ಲಾಕ್ಸಾಸಿನ್ ಕೂಡ ನಡೆಯುತ್ತಿತ್ತು. ಈ "ಗ್ಲಿ" ಮಾತ್ರೆಯ ಜೊತೆ ಸೇರಿದರೆ ಅದೂ ಶುಗರ್ ಬೀಳಿಸುತ್ತದಂತೆ. ಯಾರಿಗೂ ಹೇಳಬೇಕು ಅಂತಲೇ ನಮಗೆ ಹೊಳೆದಿರಲಿಲ್ಲ.

ಆಮೇಲೆ ಆ 6.1. ನಾವು ಹಬ್ಬ ಮಾಡಿದ್ದ ಸಂಖ್ಯೆ. 71 ವರ್ಷದವರು ಗ್ಲಿಮೆಪಿರೈಡ್ ಮೇಲಿರುವಾಗ 6.1 ಬಂದರೆ ನನಗೆ ಖುಷಿಯಲ್ಲ, ಭಯ ಆಗುತ್ತದೆ ಅಂದರು. ನಡುನಡುವೆ ಶುಗರ್ ಬೀಳುತ್ತಿದ್ದಿರಬಹುದು, ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ. ಅಮ್ಮನಿಗೆ ಏಳೂವರೆಯ ಹತ್ತಿರ ಇದ್ದರೆ ಸಾಕು ಅಂದರು. ಆಗ ಅಮ್ಮ ಮೆಲ್ಲಗೆ ಬಾಯಿಬಿಟ್ಟರು. ಹೋದ ತಿಂಗಳು ಎರಡು ಸಲ ರಾತ್ರಿ ಮೈ ಬೆವರಿ ಎದ್ದಿದ್ದರಂತೆ, ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು ಮಲಗಿದ್ದರಂತೆ. ಮಗಳಿಗೆ ನಿದ್ದೆಗೆಡಿಸುವುದು ಯಾಕೆ ಅಂತ ಹೇಳಿರಲಿಲ್ಲ. ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತಿದೆ.

ಗ್ಲಿಮೆಪಿರೈಡ್ ಪೂರ್ತಿ ನಿಲ್ಲಿಸಿದ್ದಾರೆ. ಮೆಟ್‌ಫಾರ್ಮಿನ್ 500 ಎರಡು ಹೊತ್ತು ಊಟದ ಜೊತೆ, ಲಿನಾಗ್ಲಿಪ್ಟಿನ್ 5 ದಿನಕ್ಕೊಂದು. ಅದಕ್ಕೆ ಕಿಡ್ನಿಯ ಕಾರಣಕ್ಕೆ ಪ್ರಮಾಣ ಬದಲಿಸುವ ಅಗತ್ಯ ಇಲ್ಲವಂತೆ. ಮೂರು ತಿಂಗಳಿಗೆ ಮತ್ತೆ ಕಿಡ್ನಿ ಪರೀಕ್ಷೆ, ಬಿ12 ಕೂಡ. ಮೇಷ್ಟ್ರೇ, ಬಿ12 ನಾನೇ ಕೇಳಿ ಬರೆಸಿಕೊಂಡೆ.

ಮೆಡಿಕಲ್_ಸ್ಟೋರ್_22 · ಸಂಜೆ 6:10

ತುಂಬಾ ಸಂತೋಷ ಮೇಡಂ. ಮನೆಯಲ್ಲಿ ಉಳಿದ ಹಳೆಯ ಗ್ಲಿಮೆಪಿರೈಡ್ ಸ್ಟ್ರಿಪ್ಪುಗಳನ್ನು ಇವತ್ತೇ ಡಬ್ಬಿಯಿಂದ ತೆಗೆದುಬಿಡಿ. ಅಭ್ಯಾಸದ ಕೈ ಅಲ್ಲಿಗೇ ಹೋಗುತ್ತದೆ.

ಗ್ಲೂಕೋಸ್ ಪುಡಿಯ ಒಂದು ಡಬ್ಬ ಮನೆಯಲ್ಲಿರಲಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರು ಇಲ್ಲಿದ್ದರೆ ಇದನ್ನು ನೆನಪಿಡಿ. ಆ ಮಾತ್ರೆಗಳು ಸಕ್ಕರೆ ಒಡೆಯುವುದನ್ನೇ ನಿಧಾನ ಮಾಡುತ್ತವೆ. ಜೊತೆಗೆ "ಗ್ಲಿ" ಮಾತ್ರೆಯೂ ಇದ್ದು ಶುಗರ್ ಬಿದ್ದರೆ, ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಗ್ಲೂಕೋಸೇ ಬೇಕು.

ನೈಟ್‌ಶಿಫ್ಟ್_ಬೊಮ್ಮನಹಳ್ಳಿ · ರಾತ್ರಿ 8:00

ನಿನ್ನೆ ಎದ್ದ ತಕ್ಷಣ ಚುಚ್ಚಿದೆ, 58. ಡಾಕ್ಟರು ಗ್ಲಿಮೆಪಿರೈಡ್ ನಿಲ್ಲಿಸಿ ಉಳಿದ ಎರಡನ್ನು ಮಧ್ಯಾಹ್ನದ ಊಟಕ್ಕೆ ಹಾಕಿದರು. ಕೀಟೋ ಬಿಟ್ಟೆ. ಸಿಸ್ಟರ್, ಮೆಡಿಕಲ್ ಅಣ್ಣ, ಇಬ್ಬರಿಗೂ ಕೈಮುಗಿದೆ.

ಹನುಮಂತನಗರ_ಮಗಳು · ಒಂದು ತಿಂಗಳ ನಂತರ, ರಾತ್ರಿ 9:50

ಇವತ್ತು ಮತ್ತೆ ಸಂಕಷ್ಟಿ. ಡಾಕ್ಟರು, ಪೂರ್ತಿ ಹೊಟ್ಟೆ ಖಾಲಿ ಬಿಡಬೇಡಿ ಅಂದಿದ್ದರು. ಟ್ಯಾನರಿ ರಸ್ತೆಯವರು ಹೇಳಿದಂತೆ ಭಟ್ಟರ ಹತ್ತಿರ ಮಾತಾಡಿಸಿದೆ. ಫಲಾಹಾರ ಮಾಡಿದರೆ ವ್ರತ ಕೆಡುವುದಿಲ್ಲ ಅಂದರು. ಮಧ್ಯಾಹ್ನ ತರಕಾರಿ ಹಾಕಿದ ಉಪ್ಪಿಟ್ಟು, ಮೊಸರು. ಸಾಬೂದಾನಿ ಬೇಡ ಅಂದೆ, ಅದು ಶುಗರ್ ತುಂಬಾ ಏರಿಸುತ್ತದೆ. ತಾರಸಿಗೆ ಹತ್ತುವ ಮುಂಚೆ 127. ಅರ್ಘ್ಯ ಕೊಟ್ಟು ಬಂದು ಈಗ ಊಟಕ್ಕೆ ಕೂತಿದ್ದಾರೆ.

ಅಮ್ಮ ಎದುರು ಮನೆಯ ಅಜ್ಜಿಯ ಮಾತ್ರೆ ಸ್ಟ್ರಿಪ್ ಇಸ್ಕೊಂಡು ಬಂದಿದ್ದಾರೆ. "ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದು, ಅವರೂ ಇವತ್ತು ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಅಂದರು. ಓದಿದೆ. ಗ್ಲಿಮೆಪಿರೈಡ್ 2. ಮೀಟರ್ ತೆಗೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ.